ಅಪ್‌ಡೇಟ್: ಸಿಗ್ನಲ್‌ನಲ್ಲಿ ಬೀಳುವುದು ನಿಂತಿದೆ

ನಿಂತು ನಿಂತು ಸಾಗುವ ವಾಹನ ದಟ್ಟಣೆಯಲ್ಲಿ ಸೈಕಲ್ಲಿನ ಕ್ಲಿಪ್‌ಲೆಸ್ ಪೆಡಲ್ (ಶೂವಿನ ತಳವನ್ನು ಕಚ್ಚಿ ಹಿಡಿಯುವಂಥದ್ದು) ಬಳಸಬಹುದೇ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಆಗಷ್ಟೇ ಕೆಂಪು ದೀಪದ ಮುಂದೆ, ಎಲ್ಲರೂ ನೋಡುತ್ತಿರುವಾಗಲೇ, ಕಡಿದ ಬಾಳೆಗಿಡದಂತೆ ಉರುಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಮೊದಲು 3 ಮಿ.ಮೀ. ಅಲೆನ್ ಕೀ ಹಿಡಿದು ಶೂವನ್ನು ಹಿಡಿದಿಡುವ ಸ್ಪ್ರಿಂಗಿನ ಬಿಗಿತವನ್ನು ಕನಿಷ್ಠಕ್ಕೆ ಇಳಿಸಿದೆ. ನನ್ನ ಪೆಡಲ್‌ಗಳಿಗೆ ಎರಡೂ ಬದಿಯಲ್ಲಿ ಹಿಡಿತವಿರುವುದರಿಂದ ಒಟ್ಟು ನಾಲ್ಕು ಸ್ಕ್ರೂ. ಎರಡನ್ನು ಮರೆತು ಒಂದು ವಾರ ಪೆಡಲನ್ನೇ ಬೈದುಕೊಂಡೆ! ಆಮೇಲೆ ಶಿಮಾನೊ ಎಸ್‌ಎಚ್51 ಕ್ಲೀಟ್ (ಪೆಡಲ್‌ಗೆ ಸಿಕ್ಕಿಕೊಳ್ಳಲು ಶೂವಿನ ತಳಕ್ಕೆ ಕೂರಿಸುವ ಲೋಹದ ತುಂಡು) ತೆಗೆದು ಎಸ್‌ಎಚ್56 ಹಾಕಿದೆ. 51ರಲ್ಲಿ ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುಗಡೆ. 56ರಲ್ಲಿ ಗಾಬರಿಯಿಂದ ಓರೆಯಾಗಿ ಮೇಲಕ್ಕೆಳೆದರೂ ಕಾಲು ಕಳಚಿಕೊಳ್ಳುತ್ತದೆ. ಎದ್ದು ನಿಂತು ಜೋರಾಗಿ ತುಳಿಯುವಾಗ ಒಮ್ಮೆ ತಾನಾಗಿಯೇ ಬಿಟ್ಟುಕೊಂಡಿದ್ದೂ ಉಂಟು. ದಟ್ಟಣೆಯಲ್ಲಿ ಅಷ್ಟು ಜೋರಾಗಿ ತುಳಿಯುವ ಅವಕಾಶವೇ ಇಲ್ಲ ಎನ್ನಿ.

ಆದರೆ ದೊಡ್ಡ ತಪ್ಪು ನನ್ನ ಅಭ್ಯಾಸದಲ್ಲಿತ್ತು. ಸೈಕಲ್ ನಿಂತ ಮೇಲೆ ಕಾಲು ಬಿಡಿಸಲು ಹೋಗುತ್ತಿದ್ದೆ. ಈಗ ಮುಂದಿನ ವಾಹನದ ಬ್ರೇಕ್ ದೀಪ ಕಂಡೊಡನೆ ಎಡಗಾಲು ಹೊರಗೆ, ಮೈಯನ್ನೂ ಎಡಕ್ಕೇ ವಾಲಿಸುತ್ತೇನೆ. ಬಲಗಾಲು ಒಳಗೇ ಇರುತ್ತದೆ; ಹೊರಡುವಾಗ ಅದೇ ಮೊದಲ ತುಳಿತ. ವಾಹನಗಳು ತೆವಳುತ್ತಿದ್ದರೆ ಎಡಗಾಲನ್ನು ಸಿಕ್ಕಿಸುವ ಗೋಜಿಗೇ ಹೋಗದೆ, ಅಂಗಾಲಿನ ನಡುಭಾಗದಿಂದ ತುಳಿಯುತ್ತೇನೆ.

ಒಂದು ಬದಿ ಚಪ್ಪಟೆಯಿರುವ ಪೆಡಲ್ ಕೊಳ್ಳಲು ಹಲವರು ಹೇಳಿದ್ದಿರಿ. ಈಗಿರುವುದು ಸವೆಯಲಿ, ನೋಡೋಣ.