'ಕಾನ್ಫರೆನ್ಸ್' ಆಟದ ಮಾತಿನಲ್ಲಿ ಏನು? ಸಮ್ಮೇಳನವೋ, ಒಕ್ಕೂಟವೋ, ಕೂಟವೋ

ಬಳಗದ ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದ ಎರಡು ವಾರದಿಂದ ನನ್ನನ್ನು ಕಾಡುತ್ತಿದೆ. ನಾನಿರುವುದು ಬಾಸ್ಟನ್ನಿಗೆ ಒಂದು ಗಂಟೆ ದಾರಿಯ ಊರಿನಲ್ಲಿ. ಇಲ್ಲಿನ ಕನ್ನಡ ಕೂಟದ ಯುಗಾದಿ ಸಂಚಿಕೆಯ ಕರಡು ತಿದ್ದುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ನಮ್ಮ ಕೂಟದ ಹುಡುಗನೊಬ್ಬ 2025ರ ಮಾರ್ಚಿನಲ್ಲಿ ತಾನು ನೋಡಿದ ಕಾಲೇಜು ಐಸ್ ಹಾಕಿ ಫೈನಲ್ ಕುರಿತು ಇಂಗ್ಲಿಷಿನಲ್ಲಿ ಬರೆದಿದ್ದ. ಅವನ ತಾಯಿ ಅದನ್ನು ಕನ್ನಡಕ್ಕೆ ತಂದರು. ಮೊದಲ ಸಾಲು ಹೀಗಿತ್ತು: 'ಹಾಕಿ ಈಸ್ಟ್ ಸಮ್ಮೇಳನದ ಚಾಂಪಿಯನ್‌ಷಿಪ್ ಪಂದ್ಯಾವಳಿಯಲ್ಲಿ ಮೇಯ್ನ್ ತಂಡ ಗೆದ್ದಿತು.'

ಕರಡನ್ನು ಶಿವಮೊಗ್ಗದಲ್ಲಿರುವ ನಮ್ಮ ಮಾವನವರಿಗೆ ಕಳಿಸಿದೆ. ಅವರು ನಿವೃತ್ತ ಮೇಷ್ಟರು. ಕೆಂಪು ಶಾಯಿ ಇನ್ನೂ ಒಣಗಿಲ್ಲ. ಅಂದೇ ಸಂಜೆ ಫೋನ್ ಬಂತು. "ಅಳಿಯಂದಿರೇ, ಸಮ್ಮೇಳನಾಧ್ಯಕ್ಷರು ಯಾರು? ಮೆರವಣಿಗೆ ಸಾರೋಟಿನಲ್ಲೋ, ತೆರೆದ ಜೀಪಿನಲ್ಲೋ?"

ನಗು ಬಂದದ್ದು ನಿಜ. ಆದರೆ 'ಸಮ್ಮೇಳನ' ಹೊಡೆದುಹಾಕಿ ಅದರ ಜಾಗದಲ್ಲಿ ಏನು ಬರೆಯಬೇಕೆಂದು ಕೂತಾಗ ಪೆನ್ನು ನಿಂತುಬಿಟ್ಟಿತು.

ಮೊದಲು ಆ ವಸ್ತು ಏನೆಂದು ಹೇಳುತ್ತೇನೆ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಬಹುತೇಕ ಎಲ್ಲ ವಿದ್ಯಾಸಂಸ್ಥೆಗಳೂ ಒಂದಲ್ಲ ಒಂದು ಕಾನ್ಫರೆನ್ಸಿಗೆ ಸೇರಿರುತ್ತವೆ. ಚಳಿಗಾಲ ಪೂರ್ತಿ ಹೆಚ್ಚಿನ ಆಟ ಆ ಬಳಗದ ಒಳಗೇ ನಡೆಯುತ್ತದೆ. ವೇಳಾಪಟ್ಟಿ, ಅಂಕಪಟ್ಟಿ, ತೀರ್ಪುಗಾರರು ಎಲ್ಲವೂ ಅದರದೇ. ಗಂಡಸರ ಐಸ್ ಹಾಕಿಯ ಮೇಲಿನ ದರ್ಜೆಯಲ್ಲಿ ಇಂಥವು ಆರು ಇವೆ. ಅವುಗಳಲ್ಲೊಂದು ಹಾಕಿ ಈಸ್ಟ್. 1984ರಲ್ಲಿ ಹುಟ್ಟಿದ ಇದರಲ್ಲಿ ಈಗ ಹನ್ನೊಂದು ತಂಡಗಳಿವೆ: ಬಾಸ್ಟನ್ ಕಾಲೇಜು, ಬಾಸ್ಟನ್ ವಿಶ್ವವಿದ್ಯಾಲಯ, ಮೇಯ್ನ್, ನಾರ್ತ್ ಈಸ್ಟರ್ನ್, ಪ್ರಾವಿಡೆನ್ಸ್ ಮುಂತಾದವು. ಮಾರ್ಚ್ ಬಂದೊಡನೆ ಈ ಹನ್ನೊಂದರ ನಡುವೆ ಸೋತವರು ಮನೆಗೆ ಹೋಗುವ ಪಂದ್ಯಾವಳಿ. 2025ರಲ್ಲಿ ಮೊದಲ ಐದು ಸ್ಥಾನದವರು ನೇರವಾಗಿ ಕ್ವಾರ್ಟರ್ ಫೈನಲಿಗೆ ಹೋದರು, ಉಳಿದ ಆರು ತಂಡಗಳು ಮೂರು ಜಾಗಕ್ಕಾಗಿ ಸೆಣಸಿದವು. ಸೆಮಿಫೈನಲ್ ಮತ್ತು ಫೈನಲ್ ಬಾಸ್ಟನ್ನಿನ ಟಿಡಿ ಗಾರ್ಡನ್ ಕ್ರೀಡಾಂಗಣದಲ್ಲಿ. ಗೆದ್ದವರಿಗೆ ಹಾಕಿ ಈಸ್ಟಿನ ಮೊದಲ ಆಯುಕ್ತ ಲೂ ಲ್ಯಾಮರಿಯಲ್ಲೊ ಅವರ ಹೆಸರಿನ ಟ್ರೋಫಿ. ಆ ವರ್ಷ ಮೇಯ್ನ್ ತಂಡ ಕನೆಕ್ಟಿಕಟ್ ತಂಡವನ್ನು 5-2ರಿಂದ ಸೋಲಿಸಿ, 2004ರ ಬಳಿಕ ಮೊದಲ ಸಲ ಪ್ರಶಸ್ತಿ ಗೆದ್ದಿತು. ಹುಡುಗ ನೋಡಿದ್ದು ಇದನ್ನೇ.

ಈಗ ಪದಕ್ಕೆ ಬರುತ್ತೇನೆ.

ಮೊದಲು ಹೊಳೆದದ್ದು 'ವಲಯ'. ನಮ್ಮಲ್ಲಿ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ ಎಂಬ ಮಾತು ಕ್ರೀಡಾಪುಟ ಓದುವ ಎಲ್ಲರಿಗೂ ಪರಿಚಿತ. ಹೆಸರಿನಲ್ಲೇ 'ಪೂರ್ವ' ಇರುವಾಗ ಇದೇ ಸರಿ ಎಂದುಕೊಂಡೆ. ಆದರೆ ವಲಯ ಎಂದರೆ ನೆಲದ ಲೆಕ್ಕ. ಯಾವ ಊರಿನಲ್ಲಿ ಕಾಲೇಜು ಇದೆಯೋ ಆ ವಲಯಕ್ಕೆ ಅದು ಸೇರಲೇಬೇಕು. ಬೇಕು, ಬೇಡ ಎನ್ನುವ ಹಾಗಿಲ್ಲ. ಕಾನ್ಫರೆನ್ಸ್ ಹಾಗಲ್ಲ. ಇಂಡಿಯಾನಾ ರಾಜ್ಯದ ನೋಟರ್ ಡೇಮ್ 2013ರಿಂದ 2017ರವರೆಗೆ ಹಾಕಿ ಈಸ್ಟಿನಲ್ಲಿ ಆಡಿತು. ಕೊಲರಾಡೊದ ಬೆಟ್ಟಗಳ ಬುಡದಲ್ಲಿರುವ ವಾಯುಪಡೆ ಅಕಾಡೆಮಿ ಆಡುವುದು ಹೆಸರಿನಲ್ಲಿ ಅಟ್ಲಾಂಟಿಕ್ ಸಾಗರವನ್ನೇ ಹೊತ್ತಿರುವ ಕಾನ್ಫರೆನ್ಸಿನಲ್ಲಿ! ನೆಲಕ್ಕೂ ಇದಕ್ಕೂ ನಂಟು ಅಷ್ಟಕ್ಕಷ್ಟೇ. ಇದು ಒಪ್ಪಿ ಸೇರುವ, ಬೇಸರವಾದರೆ ಬಿಟ್ಟುಹೋಗುವ ಸಂಬಂಧ. ಹಾಕಿ ಈಸ್ಟ್ ಹುಟ್ಟಿದ್ದೂ ಕೆಲವು ತಂಡಗಳು ಇಸಿಎಸಿ ಎಂಬ ಹಳೆಯ ಬಳಗದಿಂದ ಹೊರನಡೆದದ್ದರಿಂದಲೇ. ಹಾಗಾಗಿ 'ವಲಯ' ಕೈಬಿಟ್ಟೆ.

'ಲೀಗ್' ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಐಪಿಎಲ್ ಬಂದ ಮೇಲೆ ಅಜ್ಜಿಯರಿಗೂ ಗೊತ್ತಿರುವ ಪದ. ತೊಡಕು ಏನೆಂದರೆ, ಕನ್ನಡದಲ್ಲಿ ಲೀಗ್ ಎಂಬುದು ಈಗ ಪಂದ್ಯಾವಳಿಯ ಹೆಸರು, ಅಥವಾ ಅದರ ಮೊದಲ ಹಂತದ ಹೆಸರು. ಲೀಗ್ ಹಂತ ಮುಗಿಯಿತು, ನಾಕೌಟ್ ಶುರುವಾಯಿತು ಎನ್ನುತ್ತೇವೆ. ಅಂದ ಮೇಲೆ 'ಲೀಗ್ ಪಂದ್ಯಾವಳಿ' ಎಂದು ಬರೆದರೆ ಓದುವವನು ತಿರುವುಮುರುವಾಗಿ ತಿಳಿಯುತ್ತಾನೆ. ನಾವು ಹೇಳಬೇಕಾದದ್ದು ನಾಕೌಟ್ ಬಗ್ಗೆ.

'ಒಕ್ಕೂಟ' ಒಳ್ಳೆಯ ಪದ. ಒಗ್ಗೂಡುವುದರಿಂದ ಬಂದದ್ದು, ಅರ್ಥವೂ ಹತ್ತಿರ. ಆದರೆ ನನ್ನ ಕಿವಿಗೆ ಅದರಲ್ಲಿ ಕಚೇರಿಯ ವಾಸನೆ ಬಡಿಯುತ್ತದೆ: ಹಾಲು ಒಕ್ಕೂಟ, ನೌಕರರ ಒಕ್ಕೂಟ, ಒಕ್ಕೂಟ ವ್ಯವಸ್ಥೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಈ ಆರು ಕಾನ್ಫರೆನ್ಸುಗಳ ಮೇಲೆ ಎನ್‌ಸಿಎಎ ಎಂಬ ದೊಡ್ಡಣ್ಣ, ಅಂದರೆ ಕಾಲೇಜು ಕ್ರೀಡೆಯ ರಾಷ್ಟ್ರಮಟ್ಟದ ಸಂಸ್ಥೆ, ಇದ್ದಾನೆ. ಒಕ್ಕೂಟ ಎಂಬುದನ್ನು ಅವನಿಗೇ ಮೀಸಲಿಡಬೇಕು ಅನ್ನಿಸುತ್ತದೆ. ಇಲ್ಲದಿದ್ದರೆ ಒಕ್ಕೂಟದ ಒಕ್ಕೂಟ ಎಂದು ಬರೆಯಬೇಕಾಗುತ್ತದೆ. ಗೆಳೆಯರೊಬ್ಬರು 'ಬಣ' ಎಂದರು. ಬಣ ಎಂದೊಡನೆ ನನಗೆ ಕಾಣುವುದು ರೆಸಾರ್ಟಿನಲ್ಲಿ ಕೂಡಿಹಾಕಿದ ಶಾಸಕರು. ಬೇಡ.

ಹೀಗೆ ಹುಡುಕುತ್ತಿರುವಾಗ ಇಂಗ್ಲಿಷಿನವರೇ ಈ ಬಳಗಗಳಿಗೆ 'ಕಾನ್ಫರೆನ್ಸ್' ಎಂದು ಯಾಕೆ ಕರೆದರು ಎಂಬ ಪ್ರಶ್ನೆ ಎದ್ದಿತು. ಅವರ ಭಾಷೆಯಲ್ಲೂ ಅದು ಸೇರಿ ಮಾತನಾಡುವುದರ ಹೆಸರೇ ತಾನೇ? ಉತ್ತರ ಶಿಕಾಗೊದಲ್ಲಿದೆ. 1895ರ ಜನವರಿಯಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಸ್ಮಾರ್ಟ್ ಅಲ್ಲಿನ ಪಾಮರ್ ಹೌಸ್ ಹೋಟೆಲಿಗೆ ನೆರೆಯ ಕೆಲವು ವಿಶ್ವವಿದ್ಯಾಲಯಗಳ ಅಧ್ಯಕ್ಷರನ್ನು ಕರೆಸಿ, ಕಾಲೇಜು ಆಟಗಳಿಗೆ ಕಡಿವಾಣ ಹಾಕುವುದು ಹೇಗೆಂದು ಚರ್ಚಿಸಿದರು. ಮರುವರ್ಷ ಅದರಿಂದ ಬೋಧಕ ಪ್ರತಿನಿಧಿಗಳ ಅಂತರ ಕಾಲೇಜು ಕಾನ್ಫರೆನ್ಸ್ ಹುಟ್ಟಿತು. ಇಂದು ನಾವು ಬಿಗ್ ಟೆನ್ ಎನ್ನುವುದು ಅದನ್ನೇ. ಹೆಸರಿನಲ್ಲಿ ಹತ್ತು, ಈಗಿನ ಸದಸ್ಯರು ಹದಿನೆಂಟು, ಐಸ್ ಹಾಕಿ ಆಡುವವರು ಏಳು. ಆ ಏಳರಲ್ಲೂ ಒಂದು ತಂಡ, ಮೇಲೆ ಹೇಳಿದ ನೋಟರ್ ಡೇಮ್, ಹಾಕಿಗಾಗಿ ಮಾತ್ರ ಸೇರಿದ್ದು. ಲೆಕ್ಕ ಹಾಗಿರಲಿ. ಮೇಷ್ಟರುಗಳು ಸಭೆ ಸೇರಿದರು, ಸಭೆ ನಿಂತುಹೋಗದೆ ಸಂಸ್ಥೆಯಾಯಿತು, ಸಭೆಯ ಹೆಸರು ಸಂಸ್ಥೆಗೇ ಅಂಟಿಕೊಂಡಿತು.

ಅಂದರೆ ಆ ತಾಯಿ ಬರೆದ 'ಸಮ್ಮೇಳನ' ಮೂಲದಲ್ಲಿ ತಪ್ಪೇ ಅಲ್ಲ! ಮಾವನವರಿಗೆ ಇದನ್ನು ಹೇಳಿದೆ. "ಇರಬಹುದು, ಆದರೆ ನಮ್ಮ ಸಮ್ಮೇಳನ ಮೂರು ದಿನಕ್ಕೆ ಶಾಮಿಯಾನ ಬಿಚ್ಚುತ್ತದೆ" ಎಂದರು. ಅದೂ ನಿಜ. ಸಮ್ಮೇಳನ ಎಂಬ ಪದ ಕನ್ನಡದಲ್ಲಿ ಸಂಸ್ಥೆಯಾಗುವವರೆಗೆ ನಡೆದುಬರಲಿಲ್ಲ. ನಡೆದುಬಂದ ಪದ ಬೇರೆ ಇದೆ. ಅದು ನಮ್ಮ ಮೂಗಿನ ಕೆಳಗೇ ಇದೆ, ಈ ಸಂಚಿಕೆಯ ರಕ್ಷಾಪುಟದ ಮೇಲೇ ಇದೆ: ಕೂಟ.

ಆಡು, ಆಟ, ಓಡು, ಓಟ, ನೋಡು, ನೋಟ, ಕೂಡು, ಕೂಟ. ಅಚ್ಚ ಕನ್ನಡದ ಪದ. ಒಂದು ಕಡೆ ಅದು ಕೂಡುವ ಸಂದರ್ಭ: ಔತಣಕೂಟ, ಇಫ್ತಾರ್ ಕೂಟ, ಕ್ರೀಡಾಕೂಟ. ಇನ್ನೊಂದು ಕಡೆ ಅದು ಕೂಡಿದವರ ಸಂಸ್ಥೆ: ಹೊರನಾಡಿನಲ್ಲಿರುವ ಕನ್ನಡ ಕೂಟಗಳು, ಪತ್ರಿಕೆಗಳಲ್ಲಿ ದಿನವೂ ಕಾಣುವ ಮೈತ್ರಿಕೂಟ. ಮೈತ್ರಿಕೂಟವನ್ನು ಗಮನಿಸಿ: ಸದಸ್ಯರು ತಮ್ಮ ತಮ್ಮ ಹೆಸರು, ಬಾವುಟ ಉಳಿಸಿಕೊಂಡೇ ಒಂದಾಗಿರುತ್ತಾರೆ, ಒಳಗೊಳಗೇ ಸೆಣಸುತ್ತಾರೆ, ಮನಸ್ಸು ಮುರಿದರೆ ಹೊರಡುತ್ತಾರೆ. ಕಾನ್ಫರೆನ್ಸಿಗೆ ಇದಕ್ಕಿಂತ ಹತ್ತಿರದ ಚಿತ್ರ ನನಗೆ ಸಿಗಲಿಲ್ಲ. ಇಂಗ್ಲಿಷಿನ ಪದ ಸಭೆಯಿಂದ ಸಂಸ್ಥೆಗೆ ನಡೆದ ದಾರಿಯನ್ನೇ ಕನ್ನಡದ ಪದವೂ ತನ್ನಷ್ಟಕ್ಕೆ ನಡೆದಿದೆ.

ಹಾಗಾದರೆ 'ಹಾಕಿ ಈಸ್ಟ್ ಕೂಟದ ಪಂದ್ಯಾವಳಿ' ಎಂದು ಬರೆದು ಮುಗಿಸಬಹುದಲ್ಲ, ಈ ಪತ್ರ ಯಾಕೆ ಎನ್ನುತ್ತೀರಿ. ಮುಳ್ಳು ಇರುವುದು ಕ್ರೀಡಾಕೂಟದಲ್ಲಿ. ಆಟದ ಸಂದರ್ಭದಲ್ಲಿ ಕೂಟ ಎಂದೊಡನೆ ಕನ್ನಡ ಓದುಗನಿಗೆ ಸುಣ್ಣದ ಗೆರೆ ಎಳೆದ ಮೈದಾನ, ಪಥಸಂಚಲನ, ಅತಿಥಿಗಳ ಭಾಷಣ ಕಣ್ಣಿಗೆ ಬರುತ್ತವೆ. 'ಕೂಟದ ಚಾಂಪಿಯನ್' ಎಂದರೆ ನಾಲ್ಕು ದಿನದ ಕೂಟದಲ್ಲಿ ಗೆದ್ದವನು. ಬೇರೆ ಕಡೆಯೆಲ್ಲ ಸಂಸ್ಥೆಯ ಅರ್ಥಕ್ಕೆ ಜಾಗ ಕೊಡುವ ಪದ ಆಟದ ಮೈದಾನದಲ್ಲಿ ಮಾತ್ರ ಹಟ ಹಿಡಿಯುತ್ತದೆ. 'ಕಾಲೇಜು ಕೂಟ' ಎಂದರೆ ತಪ್ಪುವುದೇ? 'ಸದಸ್ಯಕೂಟ' ಎಂದು ಹೊಸದಾಗಿ ಕಟ್ಟಿದರೆ ಕೃತಕವಾಗುವುದೇ?

ವಿರಾಜಪೇಟೆ ಕಡೆಯ ಗೆಳೆಯರೊಬ್ಬರು ಇಲ್ಲಿದ್ದಾರೆ. ಅವರನ್ನು ಕೇಳಿದಾಗ ಸಮಸ್ಯೆಯನ್ನೇ ಮಗುಚಿ ಹಾಕಿದರು: ಸಂಸ್ಥೆಗೆ ಕೂಟ ಎನ್ನಿ, ಪಂದ್ಯಾವಳಿಗೆ ಬೇರೆ ಹೆಸರು ಕೊಡಿ. ಕೊಡಗಿನಲ್ಲಿ ಕುಟುಂಬಗಳ ನಡುವೆ ನಡೆಯುವ ಹಾಕಿ ಪಂದ್ಯಾವಳಿಯನ್ನು ಅವರು 'ಹಾಕಿ ನಮ್ಮೆ' ಎನ್ನುತ್ತಾರೆ. ನಮ್ಮೆ ಎಂದರೆ ಹಬ್ಬ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಅರವತ್ತು ತಂಡಗಳೊಂದಿಗೆ ಆರಂಭಿಸಿದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳಿದ್ದವು. ಅಲ್ಲಿ ತಂಡ ಎಂದರೆ ಒಕ್ಕ, ಮನೆತನ. ಕನ್ನಡ ಪತ್ರಿಕೆಗಳು ಅದನ್ನು ಕೌಟುಂಬಿಕ ಹಾಕಿ ಉತ್ಸವ ಎಂದು ಬರೆಯುತ್ತವೆ. ಯಾರಿಗೂ ಗೊಂದಲವಿಲ್ಲ. ಆದರೆ ಬಾಸ್ಟನ್ನಿನ ಪಂದ್ಯಾವಳಿಗೆ ಉತ್ಸವ ಎನ್ನಲು ನನಗೆ ಮನಸ್ಸಾಗುತ್ತಿಲ್ಲ. ಅಲ್ಲಿ ಉತ್ಸವಕ್ಕಿಂತ ಉಸಿರು ಬಿಗಿಹಿಡಿಯುವುದೇ ಹೆಚ್ಚು. ಪ್ರಶಸ್ತಿ ಗೆದ್ದ ತಂಡಕ್ಕೆ ಎನ್‌ಸಿಎಎಯ ಹದಿನಾರು ತಂಡಗಳ ರಾಷ್ಟ್ರಮಟ್ಟದ ಪಂದ್ಯಾವಳಿಗೆ ನೇರ ಪ್ರವೇಶ. ಸೋತರೆ ಅಂಕಗಣಿತದ ದಯೆಗೆ ಕಾಯಬೇಕು.

ಇದರಿಂದಲೇ ಇನ್ನೊಂದು ತೊಡಕು. 2024-25ರ ಋತುವಿನಲ್ಲಿ ಹಾಕಿ ಈಸ್ಟಿನ ಅಂಕಪಟ್ಟಿಯ ಮೇಲೆ ನಿಂತದ್ದು ಬಾಸ್ಟನ್ ಕಾಲೇಜು. ಅದಕ್ಕೂ ಇಲ್ಲಿ ಚಾಂಪಿಯನ್ ಎಂದೇ ಹೇಳುತ್ತಾರೆ. ಆದರೆ ಮಾರ್ಚಿನ ಪಂದ್ಯಾವಳಿಯಲ್ಲಿ ಅದು ಕ್ವಾರ್ಟರ್ ಫೈನಲಿನಲ್ಲೇ ನಾರ್ತ್ ಈಸ್ಟರ್ನ್ ಎದುರು ಸೋತಿತು, ಅದೂ ತವರಿನಲ್ಲಿ. ಒಂದೇ ಕೂಟ, ಒಂದೇ ಋತು, ಇಬ್ಬರು ಚಾಂಪಿಯನ್ನರು. ಹುಡುಗನ ಲೇಖನದಲ್ಲಿ ಎರಡೂ ಒಂದೇ ಪುಟದಲ್ಲಿ ಬಂದು ಅವನ ತಾಯಿಯೇ ದಾರಿ ತಪ್ಪಿದ್ದಾರೆ. ಪಟ್ಟಿಯ ಮೇಲಿದ್ದವರಿಗೆ 'ಅಗ್ರಸ್ಥಾನ', ಪಂದ್ಯಾವಳಿ ಗೆದ್ದವರಿಗೆ 'ಪ್ರಶಸ್ತಿ' ಎಂದು ನಾನು ಬೇರ್ಪಡಿಸಿದ್ದೇನೆ. ಸದ್ಯಕ್ಕೆ ನಿಲ್ಲುತ್ತದೆ.

ಸಣ್ಣಪುಟ್ಟವು ಇನ್ನೂ ಕೆಲವಿವೆ. ಪಕ್ ಎಂಬುದಕ್ಕೆ 'ಬಿಲ್ಲೆ' ಎಂದು ಹಾಕಿದೆ, ಯಾರನ್ನೂ ಕೇಳದೆ. ಮೂರು ಅಂಗುಲ ಅಡ್ಡಳತೆ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರಿನ ತುಂಡು. ಕುಂಟೆಬಿಲ್ಲೆ ಆಡಿದವರಿಗೆ ಚಿತ್ರ ತಾನಾಗಿ ಮೂಡುತ್ತದೆ. 'ಬೈ' ಸಿಕ್ಕಿತು ಎಂದು ಬರೆದರೆ ಯಾರೋ ಬೈದರು ಅನ್ನಿಸುತ್ತದೆ, ಆದ್ದರಿಂದ ನೇರವಾಗಿ ಮುಂದಿನ ಸುತ್ತಿಗೆ ಹೋಯಿತು ಎಂದು ಬಿಡಿಸಿ ಬರೆದೆ. 'ಪವರ್ ಪ್ಲೇ' ಹಾಗೇ ಬಿಟ್ಟರೆ ಕ್ರಿಕೆಟ್ ನೆನಪಾಗುತ್ತದೆ. ಇಲ್ಲಿ ಅದು ಎದುರಾಳಿಯ ಆಟಗಾರ ತಪ್ಪು ಮಾಡಿ ಹೊರಗೆ ಕೂತಿರುವಾಗ ಸಿಗುವ ಹೆಚ್ಚಿನ ಬಲ. ರಾಷ್ಟ್ರಮಟ್ಟದ ಕೊನೆಯ ನಾಲ್ಕು ತಂಡಗಳ ಸುತ್ತಿಗೆ ಇರುವ 'ಫ್ರೋಜನ್ ಫೋರ್' ಎಂಬ ಹೆಸರನ್ನು ಅನುವಾದದಲ್ಲಿ 'ಹೆಪ್ಪುಗಟ್ಟಿದ ನಾಲ್ವರು' ಎಂದು ಮಾಡಲಾಗಿತ್ತು. ಅಪರಾಧ ಸುದ್ದಿಯ ಪುಟಕ್ಕೆ ಕಳಿಸಬೇಕಾದ ಸಾಲು. ಹೆಸರನ್ನು ಹಾಗೇ ಉಳಿಸಿದೆ.

ನಿಜವಾಗಿ ನನ್ನನ್ನು ಸೋಲಿಸಿದ್ದು 'ಹೆಚ್ಚುವರಿ ಅವಧಿ'. ಫುಟ್‌ಬಾಲ್ ವರದಿಗಳಲ್ಲಿ ಸಲೀಸಾಗಿ ನಡೆಯುವ ಮಾತು. ಐಸ್ ಹಾಕಿಯಲ್ಲಿ ಇಪ್ಪತ್ತು ನಿಮಿಷದ ಮೂರು ಅವಧಿ, ಒಟ್ಟು ಅರವತ್ತು ನಿಮಿಷ. ಪಂದ್ಯಾವಳಿಯಲ್ಲಿ ಸಮವಾದರೆ ಮತ್ತೆ ಇಪ್ಪತ್ತು, ಗೋಲು ಬೀಳದಿದ್ದರೆ ಮತ್ತೆ ಇಪ್ಪತ್ತು. ಮೊದಲ ಗೋಲಿಗೆ ಆಟ ಮುಗಿಯಿತು. 2015ರ ಮಾರ್ಚ್ 6ರಂದು ಇದೇ ಹಾಕಿ ಈಸ್ಟ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಮ್ಯಾಸಚೂಸೆಟ್ಸ್ ತಂಡ ನೋಟರ್ ಡೇಮ್ ತಂಡವನ್ನು 4-3ರಿಂದ ಸೋಲಿಸಿದ್ದು ಐದನೆಯ ಹೆಚ್ಚುವರಿ ಅವಧಿಯಲ್ಲಿ, ಆಟದ 151 ನಿಮಿಷ 42 ಸೆಕೆಂಡುಗಳು ಕಳೆದ ಮೇಲೆ, ನಡುರಾತ್ರಿ ದಾಟಿದ ಮೇಲೆ. ಕಾಲೇಜು ಹಾಕಿಯಲ್ಲಿ ಅಷ್ಟು ದೀರ್ಘ ಪಂದ್ಯ ಅದಕ್ಕೆ ಮೊದಲು ನಡೆದಿರಲಿಲ್ಲ. ಅಸಲು ಅರವತ್ತು ನಿಮಿಷ, ಮೇಲಿನದು ತೊಂಬತ್ತೊಂದಕ್ಕೂ ಹೆಚ್ಚು. ಅಸಲನ್ನು ಮೀರಿದ ಬಡ್ಡಿಗೆ ಹೆಚ್ಚುವರಿ ಎನ್ನುವುದೇ? ಅದು ಮೂರು ಪಂದ್ಯಗಳ ಸರಣಿ. ಆ ರಾತ್ರಿ ಸೋತ ನೋಟರ್ ಡೇಮ್ ತಂಡವೇ ಉಳಿದೆರಡನ್ನೂ ಗೆದ್ದು ಮುಂದೆ ಹೋಯಿತು. ಇದನ್ನು ಕನ್ನಡದಲ್ಲಿ ಹೇಳುವಾಗ 'ಸಡನ್ ಡೆತ್' ಎಂದು ಒಂದು ಕಡೆ ಬರುತ್ತದೆ. ಅದನ್ನು 'ಹಠಾತ್ ಸಾವು' ಎಂದು ಮಾಡಿದ್ದನ್ನು ನಾನು ಹೊಡೆದುಹಾಕಿ 'ಮೊದಲ ಗೋಲಿಗೇ ಮುಕ್ತಾಯ' ಎಂದು ಬರೆದಿದ್ದೇನೆ. ಉದ್ದವಾಯಿತು, ಗೊತ್ತು.

ಈಗ ಕೇಳಬೇಕಾದದ್ದು. ಆಟದ ಬರಹದಲ್ಲಿ 'ಕೂಟ' ಎಂಬುದನ್ನು ಸಂಸ್ಥೆಯ ಅರ್ಥದಲ್ಲಿ ಬಳಸಿದ ಸಾಲು ಹಳೆಯ ಪತ್ರಿಕೆಗಳಲ್ಲೋ, ಶಾಲಾ ಕಾಲೇಜಿನ ವಾರ್ಷಿಕ ಸಂಚಿಕೆಗಳಲ್ಲೋ ಯಾರಾದರೂ ನೋಡಿದ್ದೀರಾ? ಮಂಗಳೂರು, ಧಾರವಾಡ ಕಡೆಯ ಅಂತರ ಕಾಲೇಜು ಆಟಗಳಲ್ಲಿ ಇಂಥ ಬಳಗಕ್ಕೆ ಬೇರೆ ಹೆಸರಿತ್ತೇ? ದೈಹಿಕ ಶಿಕ್ಷಣದ ಮೇಷ್ಟರುಗಳು ಈ ಬಳಗದಲ್ಲಿದ್ದರೆ ಅವರ ಬಾಯಿಂದ ಕೇಳುವ ಆಸೆ. ಇನ್ನೊಂದು: 'ಹಾಕಿ ಈಸ್ಟ್ ಕೂಟದ ಪಂದ್ಯಾವಳಿ' ಎಂಬ ನಾಲ್ಕು ಪದಗಳನ್ನು ಹಿಂದುಮುಂದು ಏನೂ ಹೇಳದೆ ಮನೆಯಲ್ಲಿ ಯಾರಿಗಾದರೂ ಓದಿಸಿ, ಅವರಿಗೆ ಏನು ಅರ್ಥವಾಯಿತೆಂದು ದಯವಿಟ್ಟು ಬರೆಯಿರಿ. ಮಾವನವರಿಗೆ ನಿನ್ನೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಇದೆಯೋ?" ಎಂದರು.

ಕರಡು ಅಚ್ಚಿಗೆ ಹೋಗಲು ಇನ್ನು ಹತ್ತು ದಿನವಿದೆ.