ಲೋಕಲ್ ಟೆಸ್ಟ್ ಎಲ್ಲಾ ಪಾಸ್, ಮೇನ್‌ನೆಟ್ ಫೋರ್ಕ್‌ನಲ್ಲಿ ಯುಎಸ್‌ಡಿಟಿ ಮಾತ್ರ ರಿವರ್ಟ್. ಯಾಕೆ?

ಕಡಲೆಗಿಡ:
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ನಮ್ಮ ಕಡೆ ಚೀಟಿ ಹಾಕುತ್ತಾರಲ್ಲ, ಅದೇ ಲೆಕ್ಕವನ್ನು ಕಲಿಯೋದಕ್ಕೆ ಅಂತ ಸಾಲಿಡಿಟಿಯಲ್ಲಿ (ಇಥೀರಿಯಂ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ, ಅಂದರೆ ಕಾಂಟ್ರಾಕ್ಟ್ ಬರೆಯುವ ಭಾಷೆ) ಬರೆಯುತ್ತಿದ್ದೇನೆ. ಸದಸ್ಯರು ತಿಂಗಳ ಕಂತು ಕಟ್ಟುತ್ತಾರೆ, ಸರದಿ ಬಂದವರು ತೆಗೆದುಕೊಳ್ಳುತ್ತಾರೆ, ಅಷ್ಟೇ. ಓಪನ್‌ಜೆಪ್ಪೆಲಿನ್ 5.0 ಲೈಬ್ರರಿ ಬಳಸಿದ್ದೇನೆ. ನಾನೇ ಮಾಡಿದ ಡಮ್ಮಿ ಟೋಕನ್ ಜೊತೆ ಎಲ್ಲಾ ಟೆಸ್ಟ್ ಪಾಸ್. ಫೌಂಡ್ರಿ ಅನ್ನೋ ಟೆಸ್ಟ್ ಸಾಧನದಲ್ಲಿ ಇಥೀರಿಯಂ ಮೇನ್‌ನೆಟ್ ಫೋರ್ಕ್ ಮಾಡಿ (ಅಸಲಿ ನೆಟ್‌ವರ್ಕ್‌ನ ನಕಲು ಇಟ್ಟುಕೊಂಡು) ನಿಜವಾದ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ಕೊಟ್ಟರೆ ಮೊದಲ ಕಂತಿಗೇ ರಿವರ್ಟ್, ಅಂದರೆ ವ್ಯವಹಾರ ಪೂರ್ತಿ ರದ್ದು. ಕಾರಣದ ಮೆಸೇಜ್ ಏನೂ ಇಲ್ಲ. ಬ್ಯಾಲೆನ್ಸ್ ಇದೆ, ದುಡ್ಡು ತೆಗೆದುಕೊಳ್ಳಲು ಕಾಂಟ್ರಾಕ್ಟ್‌ಗೆ ಅನುಮತಿ (ಅಪ್ರೂವ್) ಕೂಡ ಆಗಿದೆ. ಇನ್ನೇನು ನೋಡಲಿ?

ರಾತ್ರಿಪಾಳಿ:
ಟೆಸ್ಟ್ ಓಡಿಸುವಾಗ ನಾಲ್ಕು ವಿ (-vvvv) ಹಾಕಿ, ಯಾವ ಕರೆ ಹೇಗೆ ಮುಗಿಯಿತು ಅನ್ನೋ ಪೂರ್ತಿ ಟ್ರೇಸ್ ಬರುತ್ತದೆ. ಟೋಕನ್‌ನ ಒಳಗಿನ ಕರೆ ಹೇಗೆ ಮುಗಿದಿದೆ, ನಿಮ್ಮ ಫಂಕ್ಷನ್ ಹೇಗೆ ಮುಗಿದಿದೆ, ಎರಡನ್ನೂ ಬೇರೆ ಬೇರೆಯಾಗಿ ನೋಡಿ ಹೇಳಿ.

ಕಡಲೆಗಿಡ:
ನೋಡಿದೆ ಸರ್, ವಿಚಿತ್ರವಾಗಿದೆ. ಯುಎಸ್‌ಡಿಟಿಯ ಟ್ರಾನ್ಸ್‌ಫರ್‌ಫ್ರಮ್ (ಅನುಮತಿ ಕೊಟ್ಟವರಿಂದ ದುಡ್ಡು ಎಳೆಯುವ ಫಂಕ್ಷನ್) ಒಳಗೆ ಟ್ರಾನ್ಸ್‌ಫರ್ ಇವೆಂಟ್ ಬಂದಿದೆ. ಅದರ ಕೆಳಗೆ ಬಾಣದ ಗುರುತು, ಪಕ್ಕದಲ್ಲಿ ‘ಸ್ಟಾಪ್’. ಅಂದರೆ ದುಡ್ಡು ಹೋಗಿದೆ ಅಲ್ವಾ? ಆದರೆ ಮರು ಸಾಲಿನಲ್ಲೇ ನನ್ನ ಕಂತು ಫಂಕ್ಷನ್‌ಗೆ ‘ರಿವರ್ಟ್’ ಅಂತ ಇದೆ. ಮಧ್ಯದಲ್ಲಿ ಬೇರೆ ಏನೂ ಇಲ್ಲ.

ರಾತ್ರಿಪಾಳಿ:
ಆ ‘ಸ್ಟಾಪ್’ನಲ್ಲೇ ಉತ್ತರ ಇದೆ. ಕರೆ ಚೆನ್ನಾಗಿಯೇ ಮುಗಿದಿದೆ, ಆದರೆ ಏನನ್ನೂ ವಾಪಸ್ ಕೊಟ್ಟಿಲ್ಲ. ಟೋಕನ್‌ಗಳ ಮಾನದಂಡವಾದ ಇಆರ್‌ಸಿ-20 ಪ್ರಕಾರ ಟ್ರಾನ್ಸ್‌ಫರ್, ಟ್ರಾನ್ಸ್‌ಫರ್‌ಫ್ರಮ್, ಅಪ್ರೂವ್ ಮೂರೂ ಒಂದು ಬೂಲ್ (ಟ್ರೂ ಅಥವಾ ಫಾಲ್ಸ್) ಕೊಡಬೇಕು. ಮೇನ್‌ನೆಟ್ ಯುಎಸ್‌ಡಿಟಿ 2017ರ ಕಾಲದ ಕೋಡ್, ಅದರಲ್ಲಿ ಈ ಮೂರೂ ಏನನ್ನೂ ಕೊಡುವುದಿಲ್ಲ. ನೀವು ಐಇಆರ್‌ಸಿ20 ಇಂಟರ್‌ಫೇಸ್ (ಯಾವ ಫಂಕ್ಷನ್ ಏನು ಕೊಡುತ್ತದೆ ಅನ್ನೋ ಪಟ್ಟಿ) ಮೂಲಕ ಕರೆದಿದ್ದೀರಿ. ಅದರಲ್ಲಿ ಬೂಲ್ ಬರುತ್ತದೆ ಅಂತ ಬರೆದಿದೆ. ಹಾಗಾಗಿ ಸಾಲಿಡಿಟಿ ಕಂಪೈಲರ್ 32 ಬೈಟ್ ಬಂತಾ ಅಂತ ನೋಡುತ್ತದೆ. ಬಂದದ್ದು 0 ಬೈಟ್. ಅಲ್ಲೇ ರಿವರ್ಟ್. ಆ ಬೂಲ್ ಅನ್ನು ನೀವು ಎಲ್ಲೂ ಬಳಸದಿದ್ದರೂ ಈ ತಪಾಸಣೆ ನಡೆದೇ ನಡೆಯುತ್ತದೆ. ಮೆಸೇಜ್ ಬರದಿರುವುದೂ ಇದಕ್ಕೇ.

ಪರಿಹಾರ ನೀವು ಹಾಕಿಕೊಂಡಿರುವ ಲೈಬ್ರರಿಯಲ್ಲೇ ಇದೆ. ಸೇಫ್‌ಇಆರ್‌ಸಿ20 ಇಂಪೋರ್ಟ್ ಮಾಡಿ, ಐಇಆರ್‌ಸಿ20ಗೆ ಯೂಸಿಂಗ್ ಹಾಕಿ. ಆಮೇಲೆ ಸೇಫ್‌ಟ್ರಾನ್ಸ್‌ಫರ್, ಸೇಫ್‌ಟ್ರಾನ್ಸ್‌ಫರ್‌ಫ್ರಮ್ ಮಾತ್ರ ಕರೆಯಿರಿ.

ಬೈಟ್‌ಬುತ್ತಿ:
ಇದಕ್ಕೆ ಲೈಬ್ರರಿ ಯಾಕೆ? ನಾನು ಇಂಟರ್‌ಫೇಸ್ ಇಲ್ಲದೆ ನೇರವಾಗಿ ಲೋ-ಲೆವೆಲ್ ಕಾಲ್ ಮಾಡಿ ಸಕ್ಸೆಸ್ ಇದೆಯಾ ಅಂತ ನೋಡುತ್ತೇನೆ. ನಾಲ್ಕೇ ಸಾಲು, ಯುಎಸ್‌ಡಿಟಿ ಜೊತೆ ಓಡುತ್ತದೆ.

ರಾತ್ರಿಪಾಳಿ:
ದಯವಿಟ್ಟು ಆ ನಾಲ್ಕು ಸಾಲನ್ನು ಬಳಸಬೇಡಿ. ಅದರಲ್ಲಿ ಎರಡು ತೂತು ಇವೆ.

ಮೊದಲನೆಯದು, ಕೆಲವು ಹಳೆಯ ಟೋಕನ್‌ಗಳು ದುಡ್ಡು ಹೋಗದಿದ್ದರೂ ರಿವರ್ಟ್ ಮಾಡುವುದಿಲ್ಲ, ಸುಮ್ನೆ ಫಾಲ್ಸ್ ಕೊಡುತ್ತವೆ. ನಿಮಗೆ ಕಾಣುವುದು ಸಕ್ಸೆಸ್. ಕಂತು ಕಟ್ಟದವರ ಹೆಸರಿಗೆ ಕಂತು ಜಮಾ ಆಗಿಬಿಡುತ್ತದೆ.

ಎರಡನೆಯದು ಇನ್ನೂ ಅಪಾಯ. ಕೋಡೇ ಇಲ್ಲದ ವಿಳಾಸಕ್ಕೆ ಲೋ-ಲೆವೆಲ್ ಕಾಲ್ ಮಾಡಿದರೂ ಸಕ್ಸೆಸ್ ಬರುತ್ತದೆ. ಅಲ್ಲಿ ಓಡುವುದಕ್ಕೆ ಏನೂ ಇಲ್ಲ, ಹಾಗಾಗಿ ಸೋಲುವುದಕ್ಕೂ ಏನೂ ಇಲ್ಲ. 2022ರ ಜನವರಿಯಲ್ಲಿ ಕ್ಯೂಬಿಟ್ ಫೈನಾನ್ಸ್‌ನ ಬ್ರಿಡ್ಜ್‌ನಲ್ಲಿ (ಒಂದು ಬ್ಲಾಕ್‌ಚೈನ್‌ನಿಂದ ಇನ್ನೊಂದಕ್ಕೆ ದುಡ್ಡು ಸಾಗಿಸುವ ವ್ಯವಸ್ಥೆ) ಆದದ್ದು ಇದೇ. ಟೋಕನ್ ವಿಳಾಸದ ಜಾಗದಲ್ಲಿ ಸೊನ್ನೆ ವಿಳಾಸ ಇತ್ತು. ಅವರ ಟ್ರಾನ್ಸ್‌ಫರ್ ಕೋಡ್ ಅಲ್ಲಿ ಕಾಂಟ್ರಾಕ್ಟ್ ಇದೆಯಾ ಅಂತ ನೋಡಲಿಲ್ಲ. ಬಾರದ ದುಡ್ಡು ಬಂದ ಹಾಗೆ ದಾಖಲಾಯಿತು. ಹೋದದ್ದು ಸುಮಾರು 8 ಕೋಟಿ ಡಾಲರ್.

ಸೇಫ್‌ಇಆರ್‌ಸಿ20 ಈ ಎರಡನ್ನೂ ನೋಡಿಕೊಳ್ಳುತ್ತದೆ. ಡೇಟಾ ಬಂದಿದ್ದರೆ ಅದು ಟ್ರೂ ಆಗಿರಲೇಬೇಕು. ಬರದಿದ್ದರೆ ಆ ವಿಳಾಸದಲ್ಲಿ ಕೋಡ್ ಇರಬೇಕು. ಬರೆಯಲು ಕಷ್ಟ ಅಂತಲ್ಲ, ಇಷ್ಟೆಲ್ಲಾ ಒಬ್ಬರಿಗೇ ನೆನಪಾಗುವುದು ಕಷ್ಟ. ನೂರಾರು ಜನ ಕಣ್ಣಾಡಿಸಿದ ಕೋಡ್ ಇರುವಾಗ ಅದನ್ನೇ ತೆಗೆದುಕೊಳ್ಳಿ.

ಬೈಟ್‌ಬುತ್ತಿ:
ಕೋಡ್ ಇಲ್ಲದ ವಿಳಾಸದ ವಿಷಯ ಗೊತ್ತಿರಲಿಲ್ಲ. ಇವತ್ತೇ ಬದಲಾಯಿಸುತ್ತೇನೆ. ಥ್ಯಾಂಕ್ಸ್.

ಕಡಲೆಗಿಡ:
ಕಂತು ಹೋಯಿತು! ಆದರೆ ಇನ್ನೊಂದು ಕಡೆ ನಿಂತಿದೆ. ಚೀಟಿ ದುಡ್ಡು ಸುಮ್ನೆ ಕೂರದಿರಲಿ ಅಂತ ಒಂದು ಸಾಲದ ಪೂಲ್‌ಗೆ ಹಾಕುತ್ತೇನೆ. ಪ್ರತಿ ಸಲ ಪೂಲ್‌ಗೆ ಗರಿಷ್ಠ ಮೊತ್ತ ಅಪ್ರೂವ್ ಮಾಡುತ್ತೇನೆ. ಇಂಟರ್‌ಫೇಸ್‌ನಿಂದ ಬೂಲ್ ತೆಗೆದೂ ನೋಡಿದೆ. ಮೊದಲ ತಿಂಗಳು ಸರಿ, ಎರಡನೇ ತಿಂಗಳು ರಿವರ್ಟ್. ಈ ಸಲ ಯುಎಸ್‌ಡಿಟಿ ಒಳಗೇ ರಿವರ್ಟ್ ಆಗುತ್ತಿದೆ.

ರಾತ್ರಿಪಾಳಿ:
ಹಳೆಯ ಅನುಮತಿ ಸೊನ್ನೆ ಆಗಿರದಿದ್ದರೆ ಯುಎಸ್‌ಡಿಟಿ ಹೊಸ ಮೊತ್ತಕ್ಕೆ ಅಪ್ರೂವ್ ಮಾಡುವುದಿಲ್ಲ. ಮೊದಲು ಸೊನ್ನೆ ಮಾಡಿ, ಆಮೇಲೆ ಹೊಸದು ಕೊಡಬೇಕು. ಸೇಫ್‌ಇಆರ್‌ಸಿ20ಯ ಫೋರ್ಸ್‌ಅಪ್ರೂವ್ ಅದನ್ನೇ ಮಾಡುತ್ತದೆ. ನೇರವಾಗಿ ಪ್ರಯತ್ನಿಸುತ್ತದೆ, ಆಗದಿದ್ದರೆ ಸೊನ್ನೆ ಮಾಡಿ ಮತ್ತೆ ಕೊಡುತ್ತದೆ. ಹಳೆಯ ಪಾಠಗಳಲ್ಲಿ ಸೇಫ್‌ಅಪ್ರೂವ್ ಅಂತ ಸಿಕ್ಕರೆ ಹುಡುಕಬೇಡಿ, 5.0ರಲ್ಲಿ ಅದನ್ನು ತೆಗೆದಿದ್ದಾರೆ. ಇನ್ನೊಂದು ಮಾತು, ಗರಿಷ್ಠ ಮೊತ್ತ ಯಾಕೆ? ಆ ತಿಂಗಳು ಎಷ್ಟು ಹಾಕುತ್ತೀರೋ ಅಷ್ಟಕ್ಕೇ ಕೊಡಿ. ಪೂಲ್‌ನಲ್ಲಿ ನಾಳೆ ಏನಾದರೂ ಆದರೆ ನಿಮ್ಮ ಸದಸ್ಯರ ಉಳಿದ ದುಡ್ಡಾದರೂ ಉಳಿಯಲಿ.

ಹಾಗೇ, ಯುಎಸ್‌ಡಿಟಿಗೆ ದಶಮಾಂಶ ಸ್ಥಾನ 6, ನಿಮ್ಮ ಡಮ್ಮಿ ಟೋಕನ್‌ಗೆ 18 ಇರಬೇಕು. ಕಂತಿನ ಮೊತ್ತವನ್ನು ಕೋಡಲ್ಲಿ ನೇರವಾಗಿ ಬರೆದಿದ್ದರೆ ತಿದ್ದಿ. ಟ್ರಾನ್ಸ್‌ಫರ್‌ಗೆ ಶುಲ್ಕ ಹಿಡಿಯುವ ಅವಕಾಶವೂ ಯುಎಸ್‌ಡಿಟಿ ಕೋಡ್‌ನಲ್ಲಿದೆ. ಕಂತಿಗೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಬ್ಯಾಲೆನ್ಸ್ ನೋಡಿ, ಬಂದಷ್ಟನ್ನೇ ಜಮಾ ಮಾಡಿ.

ಕಡಲೆಗಿಡ:
ಎಲ್ಲಾ ಸರಿ ಹೋಯಿತು ಸರ್. ಹನ್ನೆರಡು ತಿಂಗಳ ಚೀಟಿ ಪೂರ್ತಿ ಫೋರ್ಕ್‌ನಲ್ಲೇ ಓಡಿಸಿದೆ, ಕೊನೆಯ ಸದಸ್ಯರಿಗೂ ದುಡ್ಡು ಸಿಕ್ಕಿತು. ನನ್ನ ಡಮ್ಮಿ ಟೋಕನ್ ಜೊತೆಗೆ ಇನ್ನೆರಡು ಮಾಡಿದ್ದೇನೆ. ಒಂದು ಏನನ್ನೂ ವಾಪಸ್ ಕೊಡುವುದಿಲ್ಲ, ಇನ್ನೊಂದು ದುಡ್ಡು ಕಳಿಸದೆ ಫಾಲ್ಸ್ ಕೊಡುತ್ತದೆ. ಪ್ರತಿ ಟೆಸ್ಟ್ ಈಗ ಮೂರರ ಜೊತೆಗೂ ಓಡುತ್ತದೆ. ಬೈಟ್‌ಬುತ್ತಿಯವರೇ, ಬೇಕಿದ್ದರೆ ಆ ಎರಡು ಫೈಲ್ ಕಳಿಸುತ್ತೇನೆ.