ಎತ್ತೋದು ಬೇರೆ, ಏಳಿಸೋದು ಬೇರೆ

ಹಾವೇರಿ ಕಡೆಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟ ಬರೆದಿದ್ದರು. ಫಿಸಿಯೋಥೆರಪಿ ಸಹಾಯಕಿಯ ತರಬೇತಿ, ಈಗ 3ನೇ ತಿಂಗಳು. ಲಕ್ವ ಹೊಡೆದ ಅಜ್ಜನೊಬ್ಬರನ್ನು ಮಂಚದಿಂದ ವೀಲ್‌ಚೇರ್‌ಗೆ ಕೂರಿಸಬೇಕಿತ್ತು. ಕಂಕುಳಿಗೆ ಕೈ ಹಾಕಿ ಎತ್ತಿದರು. ಅಜ್ಜನ ಮೊಣಕಾಲು ಮಡಚಿ, ಇಬ್ಬರೂ ಮಂಚದ ಮೇಲೆಯೇ ಕುಸಿದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಸೀನಿಯರ್ ಎಲ್ಲರೆದುರು ಬೈದರು, ಇವರ ಸೊಂಟ ಹಿಡಿದುಕೊಂಡಿತು, ಅಜ್ಜ ಈಗ ಇವರನ್ನು ಕಂಡರೆ ಏಳಲು ಒಲ್ಲೆ ಅನ್ನುತ್ತಾರೆ. 'ನನ್ನ ತೂಕ 46 ಕೆಜಿ. ಕೋರ್ಸ್ ಬಿಟ್ಟುಬಿಡಲೇ?' ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಫಿಸಿಯೋಥೆರಪಿಸ್ಟ್, ಮೈಸೂರು

ಮಗಳೇ, ನಿನ್ನ ತೂಕದ ಲೆಕ್ಕ ಬಿಡು. ನನಗಿಂತ ಸಣ್ಣಗಿದ್ದ ಹುಡುಗಿಯರು ಭಾರಿ ಆಳುಗಳನ್ನು ಆರಾಮಾಗಿ ಕೂರಿಸಿದ್ದನ್ನು ನೋಡಿದ್ದೇನೆ. ಅವರು ಎತ್ತುತ್ತಿರಲಿಲ್ಲ, ಏಳಿಸುತ್ತಿದ್ದರು.

ಮೊದಲು ಕುರ್ಚಿ. ಅಜ್ಜನ ಗಟ್ಟಿ ಇರುವ ಪಕ್ಕಕ್ಕೆ, ಮಂಚಕ್ಕೆ ಒತ್ತಿ, ಸ್ವಲ್ಪ ಓರೆಯಾಗಿ ಇಡು. ಬ್ರೇಕ್ ಎರಡೂ ಕಡೆ ಹಾಕಿದ್ದೀಯಾ ಅಂತ ಕೈಯಿಂದ ಅಲ್ಲಾಡಿಸಿ ನೋಡು. ಕಾಲಿಡುವ ಪಟ್ಟಿಗಳನ್ನು ಮಡಚು. ಬರೀ ಸಾಕ್ಸ್‌ನಲ್ಲಿ ನಿಲ್ಲಿಸಬೇಡ, ಜಾರುತ್ತದೆ.

ಆಮೇಲೆ ಅಜ್ಜನನ್ನು ಮಂಚದ ಅಂಚಿಗೆ ಕೂರಿಸಿ ಒಂದೆರಡು ನಿಮಿಷ ಸುಮ್ಮನೆ ಬಿಡು. ಮಲಗಿದವರು ದಿಢೀರ್ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. 'ತಲೆ ಸುತ್ತುತ್ತಾ ಅಜ್ಜಾ?' ಅಂತ ಕೇಳು. ಇಲ್ಲ ಅಂದ ಮೇಲೆ ಮುಂದಿನ ಕೆಲಸ.

ಪಾದ ಎರಡೂ ನೆಲಕ್ಕೆ ಊರಿರಬೇಕು, ಮೊಣಕಾಲಿಗಿಂತ ಒಂಚೂರು ಹಿಂದಕ್ಕೆ. ಈಗ ಅವರನ್ನು ಮುಂದಕ್ಕೆ ಬಾಗಿಸು. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ನೀನೇ ಕುರ್ಚಿಯಿಂದ ಏಳುವಾಗ ಗಮನಿಸು, ಬೆನ್ನು ನೆಟ್ಟಗಿಟ್ಟುಕೊಂಡು ಏಳೋಕಾಗಲ್ಲ. ಬಾಗಿದರೆ ಪೃಷ್ಠ ತಾನೇ ಹಗುರಾಗುತ್ತದೆ. ರೋಗಿ ಹೆದರಿದಾಗ ಹಿಂದಕ್ಕೆ ವಾಲುತ್ತಾರೆ. ನಾವು ಆಗ ಮೇಲಕ್ಕೆ ಎಳೆಯುತ್ತೇವೆ. ನಿಮ್ಮಿಬ್ಬರ ವಿಷಯದಲ್ಲೂ ಹೀಗೇ ಆಗಿರಬೇಕು.

ಕಂಕುಳಿಗೆ ಮಾತ್ರ ಇನ್ನು ಕೈ ಹಾಕಬೇಡ. ಲಕ್ವ ಹೊಡೆದ ಕಡೆ ಭುಜದ ಸ್ನಾಯು ಸಡಿಲ. ಎಳೆದರೆ ತೋಳಿನ ಮೂಳೆ ಗೂಡಿನಿಂದ ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಸೊಂಟಕ್ಕೆ ಬೆಲ್ಟ್ ಕಟ್ಟಿ ಅದನ್ನು ಹಿಡಿ. ಸೋತ ಕಾಲಿನ ಮೊಣಕಾಲಿಗೆ ನಿನ್ನ ಮೊಣಕಾಲು ಅಡ್ಡ ಕೊಡು. ಆ ಅಡ್ಡ ಇದ್ದಿದ್ದರೆ ಅಂದು ಅದು ಮಡಚುತ್ತಿರಲಿಲ್ಲ. 'ಮೂರು ಅಂದಾಗ ಏಳೋಣ' ಅಂತ ಮೊದಲೇ ಹೇಳಿ ಎಣಿಸು. ತಿರುಗುವಾಗ ಸೊಂಟ ತಿರುಚದೆ ಹೆಜ್ಜೆ ಇಡು. ಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗಿದ ಮೇಲೆ ಅವರೇ ಒಳ್ಳೆ ಕೈಯಿಂದ ಹಿಡಿ ಹುಡುಕಲಿ, ನಿಧಾನಕ್ಕೆ ಕೂರಲಿ.

ಇನ್ನೊಂದು ಮಾತು. 3 ತಿಂಗಳ ಹುಡುಗಿಯನ್ನು ಅಂಥ ರೋಗಿಯ ಜೊತೆ ಒಂಟಿಯಾಗಿ ಬಿಟ್ಟವರು ಯಾರು? ಬೈಸಿಕೊಳ್ಳಬೇಕಾದವರು ಅವರು. 'ಇನ್ನೊಬ್ಬರು ಬೇಕು' ಅಂತ ಕೇಳಲು ನಾಚಿಕೆ ಪಡಬೇಡ.

ಎಪಿಎಂಸಿ ಹಮಾಲಿ, ಹುಬ್ಬಳ್ಳಿ

ತಂಗಿ, ನನಗೆ ನಿಮ್ಮ ವಿದ್ಯೆ ಗೊತ್ತಿಲ್ಲ. ಪತ್ರ ಮಗಳು ಓದಿ ಹೇಳಿದಳು, ಅವಳ ಕೈಲೇ ಬರೆಸುತ್ತಿದ್ದೇನೆ. 22 ವರ್ಷ ಚೀಲ ಹೊತ್ತಿದ್ದೇನೆ. ಚೀಲ ಎದೆಗೆ ಹತ್ತಿರ ಇರಬೇಕು. ಕೈ ಚಾಚಿ ಹಿಡಿದರೆ ಅದೇ ಚೀಲ ಎರಡರಷ್ಟು ಭಾರ. ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ತೊಡೆಯ ಬಲದಿಂದ ಏಳಬೇಕು. ಹೊಸ ಹುಡುಗರು ಕಾಲು ಊರಿದಲ್ಲೇ ಇಟ್ಟು ಸೊಂಟ ತಿರುಗಿಸುತ್ತಾರೆ, ಮರುದಿನ ಕೆಲಸಕ್ಕೆ ಬರೋದಿಲ್ಲ.

ಆದರೆ ಒಂದು ವ್ಯತ್ಯಾಸ ಇದೆ ನೋಡು. ಚೀಲ ಹೆದರೋದಿಲ್ಲ. ಅಜ್ಜ ಹೆದರುತ್ತಾನೆ. ಹೆದರಿದ ಮನುಷ್ಯ ಚೀಲಕ್ಕಿಂತ ಭಾರ.

ಗೃಹಿಣಿ, ಶಿವಮೊಗ್ಗ

ನಮ್ಮ ಯಜಮಾನರಿಗೆ 2019ರಲ್ಲಿ ಲಕ್ವ ಹೊಡೆಯಿತು, ಬಲಗಡೆ. ಹಾಗಾಗಿ ನಾನು ಅಜ್ಜನ ಕಡೆಯಿಂದ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಮನೆಗೆ ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿ, ಸ್ಪಂಜಿನ ಚೆಂಡು ಹಿಸುಕಿಸಿ ಅಂತ. ಚೆಂಡು ನಾನೇ ತಂದೆ. ನಮ್ಮ ಥೆರಪಿಸ್ಟ್ ನೋಡಿ ಬೇಡ ಅಂದರು. ಇವರ ಬೆರಳು ಆಗಲೇ ಬಿಗಿಯಾಗಿ ಮಡಚಿಕೊಳ್ಳುತ್ತಿದ್ದವು, ಬಿಚ್ಚುವುದೇ ಕಷ್ಟವಾಗಿತ್ತು. ಮಡಚೋದನ್ನೇ ಮತ್ತೆ ಕಲಿಸಿದರೆ ಹೇಗೆ, ಅಲ್ವಾ?

ಥೆರಪಿಗೆ ಹೋಗುತ್ತಿದ್ದ ಕಡೆ ಇಬ್ಬರು ಸಹಾಯಕರಿದ್ದರು. ಒಬ್ಬ ಭಾರಿ ಚುರುಕು. ಕೈಕಾಲು ಪಟಪಟ ಮಡಚಿ ಬಿಚ್ಚಿ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದ. ಇನ್ನೊಬ್ಬಳು ನಿಮ್ಮಂಥವಳೇ, ಸಣ್ಣ ಹುಡುಗಿ. ಮೊಣಕೈ ಮಡಚುವ ಮುಂಚೆ ಒಂದು ಕೈಯಿಂದ ಕೀಲಿನ ಮೇಲೆ, ಇನ್ನೊಂದರಿಂದ ಕೆಳಗೆ ಹಿಡಿಯುತ್ತಿದ್ದಳು. 'ಅಂಕಲ್, ನೀವೂ ಮನಸ್ಸಲ್ಲಿ ಮಡಚಿ' ಅಂತ ಹೇಳಿ ಕಾಯುತ್ತಿದ್ದಳು. ಕಣ್ಣು ಇವರ ಕೈ ಮೇಲಲ್ಲ, ಮುಖದ ಮೇಲೆ. ನೋವು ಮೊದಲು ಕಾಣೋದು ಅಲ್ಲೇ. ಇವರಿಗೆ ಮಾತು ಹೋಗಿತ್ತು, ಆದರೂ ಅವಳು ಬಂದರೆ ಎಡಗೈ ಎತ್ತುತ್ತಿದ್ದರು.

ಅಜ್ಜನ ಹತ್ತಿರ ಹೋಗಿ 'ಆವತ್ತು ತಪ್ಪು ನನ್ನದು' ಅಂತ ಹೇಳಿ. ನಾಲ್ಕು ದಿನ ಏಳಿಸಲೇಬೇಡಿ. ಅಂಚಲ್ಲಿ ಕೂರಿಸಿ, ಮುಂದಕ್ಕೆ ಬಾಗಿ ನಿಮ್ಮ ಕೈ ಮುಟ್ಟಿ ವಾಪಸ್ ಬರೋದನ್ನಷ್ಟೇ ಮಾಡಿಸಿ. ನಿಮ್ಮ ಥೆರಪಿಸ್ಟ್ ಒಪ್ಪಬೇಕು, ಅಷ್ಟೇ.

ನಿವೃತ್ತ ಶಿಕ್ಷಕ, ದಾವಣಗೆರೆ

ನಾನು ಮೊಣಕಾಲು ಬದಲಿಸಿಕೊಂಡವನು. ಹಿತವಾಗಿರುತ್ತೆ ಅಂತ ಕಾಲ ಕೆಳಗೆ ದಿಂಬಿಟ್ಟು ಮಲಗುತ್ತಿದ್ದೆ. ಸಹಾಯಕ ಹುಡುಗ ದಿನಾ ಕಿತ್ತುಹಾಕುತ್ತಿದ್ದ. ಮೊಣಕಾಲು ಬಾಗಿದಂತೆಯೇ ಉಳಿದರೆ ಪೂರ್ತಿ ನೆಟ್ಟಗಾಗಲ್ಲ ಅಂತ. ಆಗ ಸಿಟ್ಟು ಬರುತ್ತಿತ್ತು, ಈಗ ನೆಟ್ಟಗೆ ನಡೆಯುತ್ತೇನೆ. 'ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು' ಅಂತ ಮೆಟ್ಟಿಲಲ್ಲಿ ಮಗ್ಗಿ ಥರ ಹೇಳಿಸುತ್ತಿದ್ದ. ಕೋಲು ಹಿಡಿಯುವುದು ನೋವಿನ ಕಾಲಿನ ಕಡೆಯ ಕೈಯಲ್ಲಲ್ಲ, ಎದುರು ಕೈಯಲ್ಲಿ. ಸಿನಿಮಾದ ಮುದುಕರು ಎಷ್ಟೋ ಸಲ ಇದನ್ನು ತಪ್ಪು ಮಾಡುತ್ತಾರೆ. ಕೋರ್ಸ್ ಬಿಡಬೇಡಿ. ಬೈದು ದಿಂಬು ಕೀಳುವವರು ನಮ್ಮಂಥವರಿಗೆ ಬೇಕು.

ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್, ಅಮೆರಿಕ (ಊರು ಧಾರವಾಡ)

ಇಲ್ಲಿ ಈ ಕೆಲಸಕ್ಕೆ ಸುಮಾರು 2 ವರ್ಷದ ಕಾಲೇಜು, ಆಮೇಲೆ ಲೈಸೆನ್ಸ್ ಪರೀಕ್ಷೆ. ರೋಗಿಯನ್ನು ಪರೀಕ್ಷಿಸಿ ಯೋಜನೆ ಹಾಕೋದು ಥೆರಪಿಸ್ಟ್, ಅದನ್ನು ನಡೆಸೋದು ನಾವು. ನಮಗೆ ಕಲಿಸಿದ ಒಂದು ಅಭ್ಯಾಸ ನಿಮಗೆ ಉಪಯೋಗಕ್ಕೆ ಬರಬಹುದು. ರೋಗಿಯನ್ನು ಏಳಿಸಿದಾಗಲೆಲ್ಲ ಕೆಲಸದಲ್ಲಿ ಅವರ ಪಾಲೆಷ್ಟು ಅಂತ ಬರೆಯುತ್ತೇವೆ. ಮುಕ್ಕಾಲು ಭಾಗ ಅಥವಾ ಜಾಸ್ತಿ ಅವರೇ ಮಾಡಿದರೆ ಕನಿಷ್ಠ ಸಹಾಯ. ಅರ್ಧದಿಂದ ಮುಕ್ಕಾಲರ ನಡುವೆ ಇದ್ದರೆ ಮಧ್ಯಮ. ಕಾಲು ಭಾಗದಿಂದ ಅರ್ಧದ ನಡುವೆ ಅಂದರೆ ಗರಿಷ್ಠ. ನಿಮ್ಮ ಅಜ್ಜನ ಹೆಸರಲ್ಲೂ ಒಂದು ಪುಟ ಇಡಿ. 'ನಾನು ಎಷ್ಟು ಎತ್ತಿದೆ' ಅನ್ನೋ ಯೋಚನೆ ತಾನಾಗೇ ಹೋಗುತ್ತದೆ.

ಸಹಾಯಕಿ, ಬೆಳಗಾವಿ

ನಮ್ಮ ಬ್ಯಾಚಿನಲ್ಲಿ ಸಂಜೆ ಗೆಳತಿಯರೇ ರೋಗಿಗಳಾಗುತ್ತಿದ್ದೆವು. ಒಂದು ಕೈಯನ್ನು ದುಪಟ್ಟಾದಿಂದ ಹೊಟ್ಟೆಗೆ ಕಟ್ಟಿ, ಒಂದು ಕಾಲಿಗೆ ಬಲ ಬಿಡದೆ ಕೂರುವುದು. ನನ್ನ ಸರದಿ ಬಂದಾಗಲೇ ಗೊತ್ತಾಗಿದ್ದು, ಹೇಳದೆ ಕೇಳದೆ ಯಾರಾದರೂ ಹಿಡಿದು ಎಳೆದರೆ ಜೀವ ಬಾಯಿಗೆ ಬರುತ್ತದೆ ಅಂತ. ನಿಮ್ಮ ಸೀನಿಯರ್ ಅವರನ್ನೂ ಒಮ್ಮೆ ಕಟ್ಟಿ ಕೂರಿಸಿ (ತಮಾಷೆಗೆ ಹೇಳಿದೆ, ಸ್ವಲ್ಪ ನಿಜಕ್ಕೂ).

ಅಜ್ಜನ ಮೀನಖಂಡ ಒಂದೇ ಕಾಲಲ್ಲಿ ಊದಿ, ಬಿಸಿಯಾಗಿ, ನೋವಿದ್ದರೆ ತಿಕ್ಕಬೇಡಿ, ನಡೆಸಬೇಡಿ. ತಕ್ಷಣ ಡಾಕ್ಟರಿಗೆ ಹೇಳಿ. ರಕ್ತ ಹೆಪ್ಪುಗಟ್ಟಿರಬಹುದು.

ನರ್ಸ್, ಉಡುಪಿ

ಎಲ್ಲರೂ ಅಜ್ಜನ ಬಗ್ಗೆಯೇ ಹೇಳುತ್ತಾರೆ ಅಂತ ಬರೆಯುತ್ತಿದ್ದೇನೆ. ನಿಮ್ಮ ಸೊಂಟ ಯಾರಿಗಾದರೂ ತೋರಿಸಿದಿರಾ? ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜುಮ್ಮೆನ್ನುತ್ತಿದ್ದರೆ ನಾಳೆಗೆ ಮುಂದೂಡಬೇಡಿ. ತೋರಿಸಿದ ಮೇಲೆ ಏನಂದರು ಅಂತ ಇಲ್ಲೇ ಒಂದು ಸಾಲು ಬರೆಯಿರಿ.